ಸೋಮಾರಿತನವಲ್ಲ, ಕಾಯಿಲೆ



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಬರೆಯುವ ಪತ್ರಿಕೆಯಲ್ಲಿ ಕೀಲುನೋವಿನ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಈ ಎರಡಕ್ಕೂ ಇರುವ ಸಂಬಂಧ ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನದೇ ಒಂದು ತಪ್ಪಿನಿಂದ. ಆದ್ದರಿಂದ ಮೊದಲು ಆ ತಪ್ಪನ್ನು ನಿಮ್ಮ ಮುಂದಿಡುತ್ತೇನೆ.

ಅದು 2007. ಅದರ ಹಿಂದಿನ ವರ್ಷವಷ್ಟೇ ಚಿಕುನ್‌ಗುನ್ಯಾ ಜ್ವರ ರಾಜ್ಯದ ಲಕ್ಷಾಂತರ ಜನರನ್ನು ಹಾಸಿಗೆ ಹಿಡಿಸಿ ಹೋಗಿತ್ತು. ನಾನು ಆಗ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದೆ. ಶನಿವಾರ ಮಧ್ಯಾಹ್ನ ಒಂದು ಕೌಟುಂಬಿಕ ಸಲಹಾ ಕೇಂದ್ರದಲ್ಲಿ ಕೂರುತ್ತಿದ್ದೆ. ಅಲ್ಲಿಗೆ ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳು ಬಂದಳು. ಒಂಬತ್ತು ತಿಂಗಳ ಕೂಸನ್ನು ಅವಳ ತಾಯಿ ಎತ್ತಿಕೊಂಡಿದ್ದರು. ಮಗಳಿಗೆ ಎತ್ತಿಕೊಳ್ಳಲು ಆಗುತ್ತಿರಲಿಲ್ಲ ಎನ್ನುವುದನ್ನು ನಾನು ಗಮನಿಸಲಿಲ್ಲ.

ಅತ್ತೆಯ ದೂರು ಮೊದಲು ಬಂತು. "ಎಂಟು ಗಂಟೆಯಾದ್ರೂ ಹಾಸಿಗೆ ಬಿಟ್ಟು ಏಳಲ್ಲ ಮೇಡಂ. ಮುದ್ದೆ ತೊಳಸು ಅಂದ್ರೆ ಅಳ್ತಾಳೆ. ಕೊಡ ಎತ್ತಲ್ಲ. ಚಿಕುನ್‌ಗುನ್ಯಾ ನಮಗೂ ಬಂದಿತ್ತು, ನಾವೇನು ಹೀಗೆ ಬಿದ್ಕೊಂಡ್ವಾ?" ಗಂಡನ ದೂರು ಬೇರೆ. ಹೆಂಡತಿ ಕಾಲುಂಗುರ ಕತ್ತರಿಸಿ ತೆಗೆಸಿದ್ದಾಳೆ, ತಾನು ಬದುಕಿರುವಾಗಲೇ ಹೀಗೆ ಮಾಡಿದ್ದಾಳೆ ಎಂದ. ಅವಳು ತಲೆ ತಗ್ಗಿಸಿಕೊಂಡು, "ಬೆರಳು ಊದಿ ಉಂಗುರ ಒಳಗೇ ಕೂತಿತ್ತು" ಎಂದಳು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಅತ್ತೆ ಮನೆಯವರ ತೀರ್ಮಾನ ಹೊರಬಿತ್ತು: ಬಾಣಂತನ ತವರಿನಲ್ಲಿ ಕೆಟ್ಟಿದೆ, ಹುಡುಗಿಗೆ ವಾಯು ಹಿಡಿದಿದೆ, ಔಷಧಿಯ ಖರ್ಚಿಗೆ ತವರಿನವರು ಐವತ್ತು ಸಾವಿರ ಕೊಡಲಿ, ಇಲ್ಲವಾದರೆ ಮಗಳನ್ನು ತಾವೇ ಇಟ್ಟುಕೊಳ್ಳಲಿ.

ಹಣದ ಮಾತಿಗೆ ನಾವು ಗದರಿಸಿದೆವು. ಅಷ್ಟಕ್ಕೆ ನಮ್ಮ ಕೆಲಸ ಮುಗಿಯಿತೆಂದು ತಿಳಿದೆವು. ಆಮೇಲೆ ನಾನು ಆ ಹುಡುಗಿಯ ಕಡೆ ತಿರುಗಿ, "ಸ್ವಲ್ಪ ಹೊಂದಿಕೊಂಡು ಹೋಗಮ್ಮ. ಬೆಳಗ್ಗೆ ಒಂದು ಗಂಟೆ ಮುಂಚೆ ಎದ್ದರೆ ಎಲ್ಲ ಸರಿಹೋಗುತ್ತೆ" ಎಂದೆ. ರಾಜಿಯಾಯಿತು ಎಂದು ಪುಸ್ತಕದಲ್ಲಿ ಬರೆದುಕೊಂಡೆವು. ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆ ಜಾರಿಗೆ ಬಂದು ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ. ಅದರ ಪ್ರತಿ ನಮ್ಮ ಮೇಜಿನ ಮೇಲೇ ಇತ್ತು.

ಎರಡು ವರ್ಷದ ನಂತರ, 2009ರಲ್ಲಿ, ನನ್ನ ಕೈಯಲ್ಲಿ ಸೀಮೆಸುಣ್ಣ ನಿಲ್ಲದಂತಾಯಿತು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬಾರದು. ಹಲ್ಲುಜ್ಜುವ ಬ್ರಷ್ ಹಿಡಿಯಲು ಎರಡೂ ಕೈ ಬೇಕು. ಹತ್ತು ಗಂಟೆಯ ಹೊತ್ತಿಗೆ ಬಿಗಿತ ಸಡಿಲವಾಗುತ್ತಿತ್ತು, ಆದರೆ ಮೈ ಮಾತ್ರ ಜ್ವರ ಬಿಟ್ಟವರ ಹಾಗೆ ಸೋತಿರುತ್ತಿತ್ತು. ಎಂ.ಎಸ್‌ಸಿ. ಓದಿದ ನಾನು ಏನು ಮಾಡಿದೆ ಗೊತ್ತೇ? ಯಾರೋ ಹೇಳಿದರೆಂದು ಊರಾಚೆಯ ಒಬ್ಬರಿಂದ ಹೆಸರಿಲ್ಲದ ಪುಡಿಯ ಪೊಟ್ಟಣ ತಂದು ಹತ್ತು ತಿಂಗಳು ನುಂಗಿದೆ. ನುಂಗಿದ ದಿನ ನೋವು ಮಾಯವಾಗುತ್ತಿತ್ತು. ಮುಖ ಚಂದ್ರನಂತೆ ಉಬ್ಬಿತು, ಸಕ್ಕರೆ ಏರಿತು, ಬಿಟ್ಟರೆ ನೋವು ಇಮ್ಮಡಿಯಾಯಿತು. ಆ ಪುಡಿಯಲ್ಲಿ ಸ್ಟಿರಾಯ್ಡ್ ಇದ್ದಿರಬೇಕೆಂದು ಮುಂದೆ ಡಾಕ್ಟರು ಹೇಳಿದಾಗ ನನಗೆ ನಾಚಿಕೆಯಾಯಿತು. ಕಾಯಿಲೆಯ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

2011ರಲ್ಲಿ ಆಸ್ಪತ್ರೆಯ ಸಾಲಿನಲ್ಲಿ ಕೂತಿದ್ದಾಗ ಪಕ್ಕದ ಹೆಂಗಸು, "ಮೇಡಂ, ನನ್ನ ಗುರುತು ಸಿಗಲಿಲ್ವಾ?" ಎಂದಳು. ಸಿಕ್ಕಿರಲಿಲ್ಲ. ಅವಳ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. ನಾವು ರಾಜಿ ಮಾಡಿಸಿದ ಆರು ತಿಂಗಳಿಗೆ ಅವಳನ್ನು ತವರಿಗೆ ಕಳಿಸಿದ್ದರು. ಗಂಡ ಇನ್ನೊಬ್ಬಳನ್ನು ಕರೆತಂದಿದ್ದ. ಅವಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಅವತ್ತು ನೀವು ಒಂದ್ಸಲ ನನ್ನ ಕೈ ಹಿಡಿದು ನೋಡಿದ್ರೆ ಸಾಕಿತ್ತು ಮೇಡಂ" ಎಂದಳು, ಅಷ್ಟೆ.

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅಂದಿನಿಂದ ನಾವಿಬ್ಬರೂ ಸಂಘದಿಂದ ಸಂಘಕ್ಕೆ ಹೋಗಿ ಈ ಕಾಯಿಲೆಯ ಮಾತಾಡುತ್ತಿದ್ದೇವೆ. ನಮಗೆ ಇದಕ್ಕೆ ಸಂಬಳವಿಲ್ಲ, ಬ್ಯಾನರಿಲ್ಲ. ನಾವು ಹೇಳುವುದು ಇಷ್ಟು.

ನಮ್ಮ ಮೈಯೊಳಗೆ ರೋಗಾಣುಗಳನ್ನು ಹೊಡೆದೋಡಿಸುವ ಒಂದು ಕಾವಲು ವ್ಯವಸ್ಥೆಯಿದೆ. ಕೆಲವರಲ್ಲಿ ಅದು ದಾರಿ ತಪ್ಪಿ ತನ್ನ ಮೈಯನ್ನೇ ಹಗೆಯೆಂದು ತಿಳಿದು ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಂಥ ಕಾಯಿಲೆಗಳಿಗೆ ಆಟೋ ಇಮ್ಯೂನ್ ಕಾಯಿಲೆಗಳೆಂದು ಹೆಸರು. ಕೀಲು ಊದುತ್ತದೆ, ಸಕಾಲದಲ್ಲಿ ತಡೆಯದಿದ್ದರೆ ಮೆದುಮೂಳೆಯೂ ಮೂಳೆಯೂ ಸವೆದು ಬೆರಳು ಸೊಟ್ಟಗಾಗುತ್ತವೆ. ಇದು ವಯಸ್ಸಾದವರ ಮಂಡಿ ಸವೆತವಲ್ಲ. ಹೆಚ್ಚಾಗಿ ಬರುವುದು ಮೂವತ್ತರಿಂದ ಐವತ್ತರ ನಡುವೆ, ಅದಕ್ಕೆ ಮುಂಚೆಯೂ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇದೇ ಬಳಗದ ಲೂಪಸ್ ಎಂಬ ಕಾಯಿಲೆಯಲ್ಲಿ ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರೇ. ಅದರಲ್ಲಿ ಕೀಲುನೋವಿನ ಜೊತೆಗೆ ಕೆನ್ನೆ ಕೆಂಪಾಗುವುದು, ಬಾಯಿಹುಣ್ಣು, ಕೂದಲು ಉದುರುವುದು, ಮತ್ತೆ ಮತ್ತೆ ಗರ್ಭ ನಿಲ್ಲದೆ ಹೋಗುವುದು ಕೂಡ ಇರಬಹುದು.

ರುಮಟಾಯ್ಡ್ ಸಂಧಿವಾತ ಇನ್ನೂರು ಜನ ವಯಸ್ಕರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತದೆ. ಒಂದು ಸಂಘದಲ್ಲಿ ಹದಿನೈದು ಇಪ್ಪತ್ತು ಮಂದಿ ಇದ್ದರೆ, ಹತ್ತು ಸಂಘಗಳ ಒಕ್ಕೂಟದಲ್ಲಿ ಇಂಥವಳೊಬ್ಬಳು ಇದ್ದಾಳೆಂದೇ ತಿಳಿಯಿರಿ. ಅವಳು ಸಭೆಗೆ ತಡವಾಗಿ ಬರುವವಳಾಗಿರಬಹುದು, ಅಥವಾ ಬರುವುದನ್ನೇ ಬಿಟ್ಟವಳಾಗಿರಬಹುದು.

ಬಾಣಂತನದ ಮಾತಿಗೆ ಬರೋಣ. ಹೆರಿಗೆಯಾದ ಮುಂದಿನ ತಿಂಗಳುಗಳಲ್ಲಿ ಈ ಕಾಯಿಲೆ ತಲೆಯೆತ್ತುವುದು ಅಥವಾ ಉಲ್ಬಣಿಸುವುದು ಹೆಚ್ಚು. ಎಷ್ಟೋ ಮಂದಿಗೆ ಬಸುರಿಯಾಗಿದ್ದಾಗ ನೋವು ತಗ್ಗಿದ್ದು ಹೆತ್ತ ಮೇಲೆ ಮರಳುತ್ತದೆ. ನಮ್ಮ ಅಜ್ಜಿಯರು ಕಂಡದ್ದು ಸುಳ್ಳಲ್ಲ, ಆದರೆ ಅವರು ಹೇಳಿದ ಕಾರಣ ಸುಳ್ಳು. ತಣ್ಣೀರು ಮುಟ್ಟಿದ್ದರಿಂದ, ಕಿವಿಗೆ ಬಟ್ಟೆ ಕಟ್ಟದ್ದರಿಂದ, ತವರಿನವರು ಪಥ್ಯ ಕೆಡಿಸಿದ್ದರಿಂದ ಇದು ಬರುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಇದು ಮುಟ್ಟಿದರೆ ಅಂಟುವುದಿಲ್ಲ. ರಕ್ತಸಂಬಂಧಿಗಳಿಗೆ ಬರುವ ಸಾಧ್ಯತೆ ತುಸು ಹೆಚ್ಚಾದರೂ, ಕಾಯಿಲೆಯಿರುವ ತಾಯಿಯ ಬಹುಪಾಲು ಮಕ್ಕಳಿಗೆ ಅದು ಬರುವುದೇ ಇಲ್ಲ. ಹಾಗಿರುವಾಗ ಅಕ್ಕನ ಕೈ ನೋಡಿ ತಂಗಿಯ ಸಂಬಂಧ ಮುರಿಯುವುದು ಯಾವ ನ್ಯಾಯ?

ಗೆಳತಿಯರೇ, ಈ ಕಾಯಿಲೆ ಸಂಸಾರದಲ್ಲಿ ಹಿಂಸೆಯಾಗಿ ತಿರುಗುವುದು ಹೇಗೆಂದು ಯೋಚಿಸಿ. ನಮ್ಮ ಮನೆಗಳಲ್ಲಿ ಸೊಸೆಯ ಬೆಲೆಯನ್ನು ಅವಳು ತಂದದ್ದರಿಂದ ಮತ್ತು ದುಡಿಯುವುದರಿಂದ ಅಳೆಯುತ್ತಾರೆ. ವರದಕ್ಷಿಣೆ ಒಮ್ಮೆ ಕೊಟ್ಟು ಮುಗಿಯುವಂಥದ್ದಲ್ಲ. ಕೈ ದುಡಿಯದಾದ ದಿನ ಲೆಕ್ಕದ ಪುಸ್ತಕ ಮತ್ತೆ ತೆರೆಯುತ್ತದೆ. ಆಗ ಔಷಧಿ ಖರ್ಚಿನ ಹೆಸರಿನಲ್ಲಿ ತವರಿಗೆ ಬೇಡಿಕೆ ಹೋಗುತ್ತದೆ. ರೋಗದ ಹುಡುಗಿಯನ್ನು ಕೊಟ್ಟು ಮೋಸ ಮಾಡಿದರೆಂಬ ಆಪಾದನೆ ಬರುತ್ತದೆ. ಇನ್ನೊಂದು ಮದುವೆಯ ಮಾತು ಏಳುತ್ತದೆ. ಈ ಕಾಯಿಲೆಯ ಸ್ವಭಾವವೂ ಹಿಂಸೆ ಮಾಡುವವರಿಗೆ ಅನುಕೂಲವಾಗಿದೆ. ಬೆಳಗ್ಗೆ ಏಳಲಾರದವಳು ಮಧ್ಯಾಹ್ನ ಓಡಾಡುತ್ತಾಳೆ. ಒಂದು ದಿನ ಬಟ್ಟೆ ಒಗೆದವಳು ಮರುದಿನ ಲೋಟ ಎತ್ತಲಾರಳು. ನೋಡುವವರಿಗೆ ಇದು ನಾಟಕ. ಸೋಮಾರಿ ಎನ್ನುವ ಒಂದು ಮಾತು ಸಾಕು, ಹೊಡೆತಕ್ಕೂ ಒಂದು ಕಾರಣ ಸಿಕ್ಕಂತಾಗುತ್ತದೆ.

ನಾನೂ ಅದೇ ಮಾತನ್ನು ಮೃದುವಾಗಿ ಹೇಳಿದ್ದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಪ್ರತಿ ಸಂಘದಲ್ಲೂ ಮೂರು ಪ್ರಶ್ನೆ ಕೇಳಿ ಎನ್ನುತ್ತೇವೆ. ಬೆಳಗ್ಗೆ ಎದ್ದಾಗ ಕೈಕಾಲಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇರುತ್ತದೆಯೇ? ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಕೀಲುಗಳು ಊದಿವೆಯೇ, ಅದೂ ಎರಡೂ ಕಡೆ? ಬಳೆ ಏರಿಸಲು, ಉಂಗುರ ತೆಗೆಯಲು ಕಷ್ಟವಾಗುತ್ತಿದೆಯೇ ಎಂದು ಕೇಳಿದರೆ ಹೆಂಗಸರಿಗೆ ಬೇಗ ತಿಳಿಯುತ್ತದೆ. ಮೂರನೆಯದು, ಕೈಕುಲುಕುವವರಂತೆ ಗೆಣ್ಣುಗಳ ಸಾಲನ್ನು ಅಡ್ಡಲಾಗಿ ಮೆಲ್ಲಗೆ ಒತ್ತಿದರೆ ನೋಯುತ್ತದೆಯೇ? ಇವುಗಳಲ್ಲಿ ಒಂದೆರಡಕ್ಕೆ ಹೌದು ಎಂದು ಉತ್ತರ ಬಂದು, ತೊಂದರೆ ಆರು ವಾರ ದಾಟಿದ್ದರೆ ಇನ್ನು ಕಾಯಬಾರದು. ಚಿಕುನ್‌ಗುನ್ಯಾದ ನೋವೂ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ನಿಜ. ಇದು ಅದೋ ಇದೋ ಎಂದು ತೀರ್ಮಾನಿಸಬೇಕಾದವರು ಡಾಕ್ಟರು, ಅತ್ತೆಯಲ್ಲ, ಸಲಹಾ ಕೇಂದ್ರದ ಮೇಡಂ ಅಂತೂ ಅಲ್ಲ.

ಯಾವ ಡಾಕ್ಟರು? ಈ ಕಾಯಿಲೆಯ ತಜ್ಞರಿಗೆ ರುಮಟಾಲಜಿಸ್ಟ್ ಎನ್ನುತ್ತಾರೆ. ಅವರು ದೊಡ್ಡ ಊರುಗಳಲ್ಲೇ ಹೆಚ್ಚು. ಅವರು ಹತ್ತಿರದಲ್ಲಿ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗಕ್ಕೆ ಹೋಗಿ. ರಕ್ತದಲ್ಲಿ ಇ.ಎಸ್.ಆರ್., ಸಿ.ಆರ್.ಪಿ., ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಎಂಬ ಪರೀಕ್ಷೆಗಳನ್ನು ಮಾಡಿಸುತ್ತಾರೆ. ಆರ್.ಎ. ಫ್ಯಾಕ್ಟರ್ ಇಲ್ಲ ಎಂದು ಬಂದ ಮಾತ್ರಕ್ಕೆ ಕಾಯಿಲೆಯೂ ಇಲ್ಲ ಎಂದಲ್ಲ. ಅದಿಲ್ಲದೆಯೂ ಕಾಯಿಲೆಯಿರುವವರು ಸಾಕಷ್ಟು ಮಂದಿ ಇದ್ದಾರೆ.

ಶುರುವಾದ ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧಿ ಸಿಕ್ಕರೆ ಕೀಲು ಉಳಿಯುವ ಸಾಧ್ಯತೆ ಬಹಳ ಹೆಚ್ಚು. ನೋವಿನ ಮಾತ್ರೆ ನೋವನ್ನಷ್ಟೇ ಮರೆಸುತ್ತದೆ, ಒಳಗಿನ ಸವೆತವನ್ನು ತಡೆಯುವುದಿಲ್ಲ. ಡಾಕ್ಟರನ್ನು ಕೇಳದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡುತ್ತವೆ. ಕಾಯಿಲೆಯನ್ನೇ ಹತೋಟಿಗೆ ತರುವ ಮಾತ್ರೆಗಳು ಬೇರೆ ಇವೆ. ಅವುಗಳಲ್ಲಿ ಮುಖ್ಯವಾದ ಮೆಥೊಟ್ರೆಕ್ಸೇಟ್ 1980ರ ದಶಕದಿಂದ ಈ ಕಾಯಿಲೆಗೆ ಬಳಕೆಯಲ್ಲಿದೆ. ಅದು ಹೊಸ ಚುಚ್ಚುಮದ್ದುಗಳಷ್ಟು ದುಬಾರಿಯಲ್ಲ. ಅದನ್ನು ನುಂಗುವುದು ವಾರಕ್ಕೆ ಒಂದು ದಿನ ಮಾತ್ರ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಓದು ಬಾರದ ಎಷ್ಟೋ ತಾಯಂದಿರಿಗೆ ಈ ಮಾತು ಮುಟ್ಟುವುದಿಲ್ಲ. ಅದಕ್ಕೆ ನಾವೊಂದು ಉಪಾಯ ಮಾಡಿದೆವು. ವಾರದ ಸಭೆ ನಡೆಯುವ ದಿನವೇ ಮಾತ್ರೆಯ ದಿನವೆಂದು ಡಾಕ್ಟರ ಒಪ್ಪಿಗೆ ಪಡೆದು ಗೊತ್ತುಮಾಡಿದೆವು. ಸೋಮವಾರ ಸಂಘ, ಸೋಮವಾರ ಮಾತ್ರೆ. ಉಳಿತಾಯದ ಹಣ ಕಟ್ಟುವಾಗ "ಮಾತ್ರೆ ನುಂಗಿದ್ಯೇನೇ?" ಎಂದು ಯಾರಾದರೂ ಕೇಳುತ್ತಾರೆ.

ಜೊತೆಗೆ ಡಾಕ್ಟರು ಫೋಲಿಕ್ ಆಸಿಡ್ ಕೊಡುತ್ತಾರೆ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಮಗು ಬೇಕೆಂದಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಏಕೆಂದರೆ ಮೆಥೊಟ್ರೆಕ್ಸೇಟ್ ಬಸುರಿಗೆ ಸಲ್ಲದು. ಆಗ ಬದಲಿಗೆ ಕೊಡಬಹುದಾದ ಔಷಧಿಗಳಿವೆ. ಈ ಕಾಯಿಲೆ ಬಂದವಳಿಗೆ ಮಕ್ಕಳಾಗುವುದಿಲ್ಲ ಎಂದು ಮಾತ್ರೆ ಎಸೆಯುವ ಮನೆಗಳನ್ನು ನಾನು ಕಂಡಿದ್ದೇನೆ. ಡಾಕ್ಟರ ಸಲಹೆಯಂತೆ ಮುಂದಾಲೋಚಿಸಿ ನಡೆದರೆ ತಾಯಿಯಾಗಲು ಅಡ್ಡಿಯಿಲ್ಲ. ಹೆಸರಿಲ್ಲದ ಪುಡಿಯನ್ನು ಈಗಾಗಲೇ ತಿಂಗಳುಗಟ್ಟಲೆ ತಿನ್ನುತ್ತಿರುವವರು ಅದನ್ನು ಒಮ್ಮೆಲೇ ಬಿಡದೆ, ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಬೇಕು. ಸ್ಟಿರಾಯ್ಡ್ ಹಠಾತ್ತನೆ ನಿಂತರೂ ಅಪಾಯವಿದೆ. ಕಾಯಿಲೆ ಬೇರುಸಹಿತ ಹೋಗುತ್ತದೆಂದು ನಾನು ಹೇಳಲಾರೆ. ಆದರೆ ಹತೋಟಿಗೆ ಬರುತ್ತದೆ. ಈ ಲೇಖನವನ್ನು ನನ್ನ ಕೈಯಾರೆ ಬರೆದಿದ್ದೇನೆ, ನಡುನಡುವೆ ವಿಶ್ರಾಂತಿ ತೆಗೆದುಕೊಂಡು.

ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನಾನು ತರಗತಿಯಲ್ಲಿ ಡೊರೊಥಿ ಹಾಡ್ಜ್‌ಕಿನ್ ಹೆಸರನ್ನು ಎಷ್ಟು ಸಲ ಹೇಳಿದ್ದೇನೋ. ಇಂಗ್ಲೆಂಡಿನ ಈ ವಿಜ್ಞಾನಿ ಪೆನಿಸಿಲಿನ್ ಮತ್ತು ಬಿ-12 ಜೀವಸತ್ವದ ಅಣುರಚನೆ ಕಂಡುಹಿಡಿದವರು. 1964ರಲ್ಲಿ ನೊಬೆಲ್ ಪಡೆದರು. 1969ರಲ್ಲಿ ಅವರ ತಂಡ ಇನ್ಸುಲಿನ್ ರಚನೆಯನ್ನು ಬಿಡಿಸಿತು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಸರು ಮಾಡಿದ ಎಂ. ವಿಜಯನ್ ಆ ತಂಡದಲ್ಲಿದ್ದರು. ಹಾಡ್ಜ್‌ಕಿನ್ ಅವರಿಗೆ 1938ರಲ್ಲಿ, ಚೊಚ್ಚಲ ಹೆರಿಗೆಯ ನಂತರ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಇದೇ ಸಂಧಿವಾತ ಬಂದಿತ್ತೆಂದು ನನಗೆ ತಿಳಿದದ್ದು ನನಗೇ ಕಾಯಿಲೆ ಬಂದ ಮೇಲೆ. ಯಂತ್ರದ ಸ್ವಿಚ್ಚು ತಿರುವಲು ಬೆರಳಿಗೆ ಬಲ ಸಾಲದಾದಾಗ ಅದಕ್ಕೆ ಉದ್ದನೆಯ ಹಿಡಿ ಮಾಡಿಸಿಕೊಂಡರು. ಇದನ್ನು ಆಕೆಯ ಛಲವೆಂದಷ್ಟೇ ನಾನು ಹೊಗಳಲಾರೆ. ಮಕ್ಕಳನ್ನು ನೋಡಿಕೊಳ್ಳಲು, ಅಡಿಗೆಗೆ ಅವರ ಮನೆಯಲ್ಲಿ ಸಹಾಯದವರಿದ್ದರು. ಹೆತ್ತು ಕೈ ಸೋತವರು ಅವರೂ, ನನ್ನ ಮುಂದೆ ಬಂದ ಆ ಹುಡುಗಿಯೂ. ಒಬ್ಬರಿಗೆ ಸ್ವಿಚ್ಚಿನ ಹಿಡಿ ಉದ್ದವಾಯಿತು. ಇನ್ನೊಬ್ಬಳಿಗೆ ಮುದ್ದೆ ಕೋಲನ್ನು ಕೂಡ ಯಾರೂ ಕೈಯಿಂದ ಇಸಿದುಕೊಳ್ಳಲಿಲ್ಲ.

ಇನ್ನು ಕಾನೂನು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಹೊಡೆತ ಮಾತ್ರವೇ ದೌರ್ಜನ್ಯವೆಂದು ಅದು ಹೇಳುವುದಿಲ್ಲ. ಹೆಂಗಸಿನ ಆರೋಗ್ಯಕ್ಕೆ ಕೇಡು ತರುವ ನಡತೆ, ಅವಮಾನ, ಹೀಯಾಳಿಕೆ, ಬದುಕಿಗೆ ಬೇಕಾದ ಹಣವನ್ನು ತಡೆಹಿಡಿಯುವುದು, ವರದಕ್ಷಿಣೆಗೋ ಇತರ ಆಸ್ತಿಗೋ ಅವಳನ್ನೂ ಅವಳ ಕಡೆಯವರನ್ನೂ ಪೀಡಿಸುವುದು, ಎಲ್ಲವೂ ಅದರಲ್ಲಿ ಸೇರಿವೆ. ಮಾಡಬೇಕಾದ್ದನ್ನು ಮಾಡದೆ ಬಿಟ್ಟು ಕೇಡು ತರುವುದೂ ಸೇರಿದೆ. ಕಾಯಿಲೆಯವಳೆಂದು ಅವಳನ್ನು ಮನೆಯಿಂದ ಹೊರಹಾಕುವಂತಿಲ್ಲ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಜೀವನಾಂಶವನ್ನೂ ವೈದ್ಯಕೀಯ ಖರ್ಚನ್ನೂ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆ ಕೊಟ್ಟಿದ್ದಾರೆ. ಮಹಿಳಾ ಸಹಾಯವಾಣಿ 181. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ. ಹಿಂದಿನ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ.

ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನದ ಕಾರಣಗಳ ಪಟ್ಟಿಯಿದೆ. ಅದರಲ್ಲಿ ಸಂಧಿವಾತವಿಲ್ಲ. ಕುಷ್ಠರೋಗ ಒಂದು ಕಾಲದಲ್ಲಿ ಇತ್ತು, 2019ರಲ್ಲಿ ಅದನ್ನೂ ತೆಗೆದುಹಾಕಿದರು. ವಾಸಿಮಾಡಬಹುದಾದ ಕಾಯಿಲೆಗಾಗಿ ಯಾರನ್ನೂ ಬಿಟ್ಟುಹೋಗಬಾರದೆಂದು ದೇಶ ಒಪ್ಪಿಕೊಂಡಿತು. ಆದರೆ ಹೆಣ್ಣು ಹೆತ್ತವರಿಗೂ ಒಂದು ಮಾತು ಹೇಳಬೇಕು. ಕಾಯಿಲೆ ಮೊದಲೇ ತಿಳಿದಿದ್ದರೆ ಮುಚ್ಚಿಟ್ಟು ಮದುವೆ ಮಾಡಬೇಡಿ. ಮುಚ್ಚಿಟ್ಟದ್ದು ಹೊರಬಿದ್ದ ದಿನ ಅದನ್ನೇ ಆಯುಧ ಮಾಡಿಕೊಳ್ಳುತ್ತಾರೆ, ಮತ್ತು ಮಗಳು ಕದ್ದು ಮಾತ್ರೆ ನುಂಗುತ್ತಾ ಬದುಕಬೇಕಾಗುತ್ತದೆ. ಹೇಳಿದ ಮೇಲೂ ಒಪ್ಪುವ ಮನೆ ಸಿಗದಿದ್ದರೆ ಮದುವೆಯೇ ಬೇಡ. ಅವಳ ಓದು, ಅವಳ ದುಡಿಮೆ ಅವಳ ಕೈಹಿಡಿಯಲಿ.

ಆ ಹೆಣ್ಣುಮಗಳು ಈ ಕಾಯ್ದೆಯಡಿಯಲ್ಲೇ ಅರ್ಜಿ ಹಾಕಿದಳು. ಜೀವನಾಂಶದ ಆದೇಶವಾಯಿತು. ಹಣ ಮೂರು ತಿಂಗಳಿಗೊಮ್ಮೆ ಬರುತ್ತದೆ, ಆರು ತಿಂಗಳು ಬರುವುದಿಲ್ಲ. ಬೆರಳು ಹಿಂದಿನಂತಾಗಲಿಲ್ಲ, ಆಗುವುದೂ ಇಲ್ಲ. ಔಷಧಿಯಿಂದ ಉಳಿದ ಕೀಲುಗಳು ಉಳಿದಿವೆ. ಅವಳೀಗ ತನ್ನ ಸಂಘದ ಪ್ರತಿನಿಧಿ. ನಮ್ಮ ಸಭೆಗಳಲ್ಲಿ ಮೊದಲು ಮಾತಾಡುವವಳು ಅವಳೇ. ಎರಡೂ ಕೈ ಎತ್ತಿ ತೋರಿಸಿ, "ಇದು ವಿಧಿಯಲ್ಲ ಅಕ್ಕಂದಿರಾ, ಇದು ತಡ" ಎನ್ನುತ್ತಾಳೆ.

ಪ್ರತಿ ವರ್ಷ ಮೇ 20ನ್ನು ಆಟೋ ಇಮ್ಯೂನ್ ಸಂಧಿವಾತದ ದಿನವೆಂದು ರೋಗಿಗಳ ಸಂಘಟನೆಗಳು ಆಚರಿಸುತ್ತವೆ. ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ, 1996ರಿಂದ ನಡೆದುಬಂದಿದೆ. ಆ ದಿನಗಳು ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ತೆಗೆದಿಡಿ. ಮೂರು ಪ್ರಶ್ನೆ ಕೇಳಿ. ಎಲ್ಲರೂ ಮುಷ್ಟಿ ಕಟ್ಟಿ ತೋರಿಸಲಿ. ಕಟ್ಟಲಾಗದವಳಿದ್ದರೆ ಅವಳ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಲಿ. ಪರೀಕ್ಷೆಯ ಖರ್ಚಿಗೆ ಸಂಘದಿಂದ ಆಂತರಿಕ ಸಾಲ ಕೊಡಿ, ನಡಾವಳಿಯಲ್ಲಿ ಬರೆಯಿರಿ. ಅವಳ ಮನೆಗೆ ಇಬ್ಬರು ಹೋಗಿ ಅತ್ತೆಯ ಹತ್ತಿರ, ಗಂಡನ ಹತ್ತಿರ ಕೂತು ಕಾಯಿಲೆಯ ಹೆಸರು ಹೇಳಿ. ಎಷ್ಟೋ ಮನೆಗಳಲ್ಲಿ ಇರುವುದು ತಿಳಿಯದ ಕೋಪ, ತಿಳಿಸಿದರೆ ಇಳಿಯುತ್ತದೆ. ಗಂಡನೇ ಮುದ್ದೆ ತೊಳಸಲು ಕಲಿತ ಮನೆಯನ್ನೂ ನಾವು ಕಂಡಿದ್ದೇವೆ. ತಿಳಿಸಿದ ಮೇಲೂ ಇಳಿಯದಿದ್ದರೆ ಅದು ಅಜ್ಞಾನವಲ್ಲ, ದೌರ್ಜನ್ಯ. ಅದಕ್ಕೆ ಏನು ಮಾಡಬೇಕೆಂದು ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಮುಂದೆ ಬಂದು ನಿಂತ ಹೆಣ್ಣಿಗೆ ಹೊಂದಿಕೊಂಡು ಹೋಗು ಎನ್ನುವ ಮೊದಲು ಒಮ್ಮೆ ಅವಳ ಕೈ ಹಿಡಿದು ನೋಡೋಣ.